ನಲವತ್ತೊಂಬತ್ತರ ಬಾಯಿ

ನನ್ನ ಗಂಡನ ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರಿಗೆ ಅವತ್ತು ಮಧ್ಯಾಹ್ನ ಊಟ ಸೇರಿರಲಿಕ್ಕಿಲ್ಲ. ಸೇರದಿರಲಿ ಎಂದೇ ನಾನೂ ಹರಸಿದೆ.

ಜಿಲ್ಲಾ ಕೇಂದ್ರದ ಆಸ್ಪತ್ರೆ, ಹಿಂದುಗಡೆಯ ಕೋಣೆ. ಮೇಜಿನಾಚೆ ಮೂವರು. ಒಬ್ಬ ಡಾಕ್ಟರು, ಒಬ್ಬ ಸರ್ಕಾರಿ ಅಧಿಕಾರಿ, ಇನ್ನೊಬ್ಬ ಪಾರ್ಟಿಯ ಕಡೆಯವನು. ರಾಜನ ವಿರುದ್ಧ ಪಾರ್ಟಿ ನಡೆಸಿದ ಯುದ್ಧದಲ್ಲಿ ಗಾಯಗೊಂಡವರ ಮೈ ಎಷ್ಟು ಕೆಟ್ಟಿದೆ ಎಂದು ತೀರ್ಮಾನಿಸುವುದು ಇವರ ಕೆಲಸ. ಅರ್ಧ ಮೈ ಕೆಟ್ಟಿದ್ದರೆ ಪಿಂಚಣಿ. ಗಂಡಸು ಸತ್ತ ಮೇಲೂ ಅದು ಹೆಂಡತಿ ಮಕ್ಕಳಿಗೆ ಬರುತ್ತದೆ. ಅರ್ಧಕ್ಕಿಂತ ಕಡಿಮೆ ಕೆಟ್ಟಿದ್ದರೆ ಕೊರಳಿಗೊಂದು ಚೆಂಡುಹೂವಿನ ಹಾರ ಹಾಕಿ ಕಳಿಸುತ್ತಾರೆ.

ನನ್ನ ಗಂಡ ದಲಬೀರನ ಎಡದವಡೆ ಇಲ್ಲ. ಕೆಳತುಟಿಯನ್ನು ಕಾಡಿನಲ್ಲಿ ಯಾರೋ ಹೊಲಿದರು. ನಮ್ಮ ದಮಾಯಿ ಕೇರಿಯಲ್ಲಿ ಹೊಲಿಗೆ ಕಲಿಯುವ ಹುಡುಗರು ಗೋಣಿಚೀಲವನ್ನೂ ಅದಕ್ಕಿಂತ ನೆಟ್ಟಗೆ ಹೊಲಿಯುತ್ತಾರೆ. ಜೊಲ್ಲು ನಿಲ್ಲುವುದಿಲ್ಲ. ಅನ್ನ ಜಗಿಯಲಾಗುವುದಿಲ್ಲ. ರಾಗಿ ಗಂಜಿಯನ್ನು ಬಲಗೆನ್ನೆಯೊಳಗೆ ನಾನೇ ಸುರಿಯಬೇಕು. ಕತ್ತಿನೊಳಗೆ ಒಂದು ಕಬ್ಬಿಣದ ಚೂರು ಉಳಿದಿದೆ. ಅದನ್ನು ಮುಟ್ಟಿದರೂ ಸಾಯುತ್ತಾನೆ, ಮುಟ್ಟದಿದ್ದರೂ ಒಂದು ದಿನ ಅದೇ ಜರುಗಿ ಸಾಯುತ್ತಾನೆ ಎಂದು ಕೆಳಗಿನ ತರಾಯಿ ಬಯಲಿನ ದೊಡ್ಡ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ನಮಗೆ ಇಬ್ಬರು ಹೆಣ್ಣುಮಕ್ಕಳು. ನಾನು ಭೇರಿ ಹೊಳೆಯ ದಂಡೆಯಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತೇನೆ. ನನ್ನ ಉಗುರುಗಳು ಅರ್ಧ ಇವೆ, ಅರ್ಧ ಇಲ್ಲ. ಚೂರು ಜರುಗುವುದರೊಳಗೆ ಪಿಂಚಣಿ ಗಟ್ಟಿಯಾಗಬೇಕು. ನಮಗೆ ಬೇಕಾದದ್ದು ಇಷ್ಟೇ.

"ಕೈ ಎರಡೂ ಇದೆಯಾ?" ಅಧಿಕಾರಿ ಕೇಳಿದ.

"ಕಾಣ್ತಾ ಇದೆಯಲ್ಲ ಹಜೂರ್," ಎಂದೆ.

"ಕಾಲು?"

"ಅದರ ಮೇಲೇ ನಿಂತಿದಾನೆ."

"ನಿನ್ನನ್ನ ಕೇಳಲಿಲ್ಲಮ್ಮ. ಅವನು ಹೇಳಲಿ."

ದಲಬೀರ ಏನೋ ಹೇಳಿದ. ಅವನ ಮಾತು ನೀರಿನೊಳಗಿಂದ ಬಂದ ಹಾಗಿರುತ್ತದೆ. ನನ್ನನ್ನು ಬಿಟ್ಟರೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ.

"ಏನಂದ?"

"ತಮ್ಮ ತಾಯಿ ಹೇಗಿದ್ದಾರೆ ಅಂತ ವಿಚಾರಿಸಿದ."

ಅಧಿಕಾರಿಯ ತಾಯಿಯ ವಿಷಯ ಎತ್ತಿದ್ದು ನಿಜ. ಉಳಿದದ್ದನ್ನು ನಾನು ನುಂಗಿಕೊಂಡೆ.

ಪಾರ್ಟಿಯ ಕಡೆಯವನು ತಲೆ ತಗ್ಗಿಸಿ ಮೀಸೆಯೊಳಗೆ ನಕ್ಕ. ಅವನಿಗೆ ನನ್ನ ಗಂಡನ ನಾಲಗೆಯ ಪರಿಚಯ ಇತ್ತು. ಚಕ್ರಜಂಗ ಬೊಹರಾ ಎಂದು ಅವನ ಹೆಸರು. ಮೇಲಿನ ಕೇರಿಯ ದೊಡ್ಡ ಮನೆಯವನು. ಕಾಡಿನಲ್ಲಿ ನಮ್ಮ ಕಮಾಂಡರ್. ಅಲ್ಲಿ ಎಲ್ಲರೂ ಹೊಸ ಹೆಸರು ಇಟ್ಟುಕೊಂಡಿದ್ದೆವು. ನನ್ನ ಗಂಡ ಗರ್ಜನ, ನಾನು ಸಿಡಿಲು. ಅವನು ತನಗೆ ತಾನೇ ಆರಿಸಿಕೊಂಡ ಹೆಸರು ಸಮಾನ. ಕಾಮ್ರೇಡ್ ಸಮಾನ! ಕಾಡಿನಲ್ಲಿ ನಮ್ಮನ್ನೆಲ್ಲ ಬಹುವಚನದಲ್ಲೇ ಮಾತಾಡಿಸುತ್ತಿದ್ದ. ನನ್ನ ಗಂಡ ಕುಡಿದ ತಟ್ಟೆಯಲ್ಲೇ ಗಂಜಿ ಕುಡಿದು, ಎಲ್ಲರಿಗೂ ಕಾಣುವಂತೆ ತಟ್ಟೆ ನೆಕ್ಕುತ್ತಿದ್ದ. ರಾಜ ಹೋದ, ಯುದ್ಧ ಮುಗಿಯಿತು. ಸಮಾನ ಜೀಪು ಹತ್ತಿದ. ಬಹುವಚನವನ್ನು ಕಾಡಿನಲ್ಲೇ ಮರೆತು ಬಂದ.

"ಜಗಿಯೋಕಾಗಲ್ಲ. ಮಾತು ಸರಿಯಾಗಿಲ್ಲ. ಕತ್ತಿನಲ್ಲಿ ಚೂರು ಇದೆ," ಎಂದು ಡಾಕ್ಟರು ಶುರು ಮಾಡಿದ.

"ಕಸುಬೇನು?" ಅಧಿಕಾರಿ ಅಡ್ಡ ಬಾಯಿ ಹಾಕಿದ.

"ದಮಾಯಿ," ಎಂದ ಸಮಾನ. ನಾವು ಬಾಯಿ ತೆರೆಯುವ ಮೊದಲೇ. "ಬಟ್ಟೆ ಹೊಲಿಯೋದು, ಮದುವೆಗೆ ವಾದ್ಯ ಬಾರಿಸೋದು. ಹೊಲಿಯೋಕೆ ಬಾಯಿ ಯಾಕೆ ಬೇಕು? ಕೊಂಬು ಊದೋದಂತೂ ಇವರಿಗೆ ರಕ್ತದಲ್ಲೇ ಬಂದಿರುತ್ತೆ. ಏನೋ ಗರ್ಜನ, ಮನೆ ಕಸುಬು ನಡೀತದಲ್ಲ?"

ನನಗೆ ಮೈ ಉರಿಯಿತು. ಕುಲಕಸುಬು ಗುಲಾಮಗಿರಿ, ಸೂಜಿ ಬಿಸಾಕಿ ಬಂದೂಕು ಹಿಡೀರಿ ಎಂದು ನಮ್ಮ ಕೇರಿಯಲ್ಲಿ ಗಂಟಲು ಹರಿದುಕೊಂಡವನು ಇವನೇ. ಅದನ್ನು ಕೇಳಿ ನಾವು ಸೂಜಿ ಬಿಸಾಕಿದೆವು. ನನ್ನ ಮಾವನ ಕಾಲದ ತಾಮ್ರದ ಕೊಂಬನ್ನೂ ಹೊಳೆಗೆ ಎಸೆಯಲು ಹೊರಟಿದ್ದ ದಲಬೀರನನ್ನು ತಡೆದವನೂ ಇವನೇ. ಬೇಡ ಕಾಮ್ರೇಡ್, ಅದು ದಾಳಿಯ ಹೊತ್ತಿಗೆ ಸನ್ನೆ ಕೊಡಲು ಬೇಕು ಎಂದ. ಆಮೇಲೆ ಪ್ರತಿ ದಾಳಿಯಲ್ಲೂ ದಲಬೀರ ಎಲ್ಲರಿಗಿಂತ ಎತ್ತರದ ಬಂಡೆಯ ಮೇಲೆ ನಿಂತು ಕೊಂಬು ಊದಬೇಕು. ಕೊಂಬು ಕೇಳಿದ ಮೇಲೆ ಉಳಿದವರು ನುಗ್ಗಬೇಕು. ಗುಡ್ಡದ ಬ್ಯಾರಕ್ಕಿನ ಮೇಲೆ ದಾಳಿ ಮಾಡಿದ ದಿನ ಸೇನೆಯವರು ಆ ಸದ್ದು ಬಂದ ಕಡೆಗೇ ಮೋರ್ಟರ್ ಹಾರಿಸಿದರು. ದವಡೆ ಹೋಯಿತು. ಬಂಡೆಯ ಕೆಳಗೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಮಾನ ಅತ್ತ. "ನಿಮ್ಮ ಬಾಯಿ ಇನ್ನು ಮೇಲೆ ನನ್ನ ಬಾಯಿ, ಕಾಮ್ರೇಡ್" ಎಂದ. ಅತ್ತು ಮುಗಿಸಿ ಮುಂದೆ ಹೋದ. ಗಂಡನನ್ನು ಡೋಕೊ ಬುಟ್ಟಿಯಲ್ಲಿ ಕೂರಿಸಿ, ಅದರ ಪಟ್ಟಿಯನ್ನು ಹಣೆಗೆ ಹಾಕಿ ಬೆನ್ನಿಗೆ ಹೊತ್ತುಕೊಂಡು, ಎರಡು ಬೆಟ್ಟ ದಾಟಿಸಿದವಳು ನಾನು. ಅವನ ರಕ್ತ, ಜೊಲ್ಲು, ಉಚ್ಚೆ ಎಲ್ಲ ನನ್ನ ಬೆನ್ನಿನ ಮೇಲೆ ಹರಿಯಿತು. ಕೊಂಬನ್ನು ಮಾತ್ರ ಅವನು ಅಪ್ಪಿಕೊಂಡೇ ಇದ್ದ, ಬಿಡಲಿಲ್ಲ.

ಆ ಬಾಯಿಗೆ ಅಧಿಕಾರಿ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದ: "ಕುಲಕಸುಬು ಮಾಡಲು ಯೋಗ್ಯ. ನೂರಕ್ಕೆ ನಲವತ್ತೊಂಬತ್ತು."

ಡಾಕ್ಟರು ಕಿಟಕಿಯ ಕಡೆ ತಿರುಗಿಕೊಂಡ. ಯಾರೋ ಒಳಗೆ ಬಂದು ದಲಬೀರನಿಗೆ ಹಾರ ಹಾಕಿದರು.

ಹೊರಗೆ ಬಂದು ಗೋಡೆಗೆ ಒರಗಿ ಕೂತೆವು. ನಮ್ಮ ಹಿಂದೆಯೇ ಸಮಾನನ ಸೋದರಳಿಯ ಬಂದ. ಅವನಿಗೆ ಅರವತ್ತೆರಡು ಸಿಕ್ಕಿತ್ತಂತೆ. ಅವನು ಗಾಯಗೊಂಡದ್ದು ವಿಜಯೋತ್ಸವದ ಮೆರವಣಿಗೆಯಲ್ಲಿ, ಲಾರಿಯ ಮೇಲಿಂದ ಬಿದ್ದು. ಕುಂಟಬೇಕೆಂಬುದು ನೆನಪಾದಾಗ ಕುಂಟುತ್ತಿದ್ದ.

"ಒಂದು ಕಡಿಮೆ ಬಿತ್ತು," ಎಂದೆ ಗಂಡನಿಗೆ. "ಸಮಾನನ ಜೀಪಿನ ಬಾಗಿಲ ಸಂದಿಗೆ ಕಿರುಬೆರಳು ಇಡು. ನಾನು ದಬ್ಬಿ ಹಾಕ್ತೀನಿ. ಐವತ್ತಾಗ್ತದೆ."

ಅವನು ನಗಲಿಲ್ಲ. ಹಾರ ತೆಗೆದು ಪಕ್ಕದಲ್ಲಿದ್ದ ಮೇಕೆಗೆ ತಿನ್ನಿಸಿದ. ಚಿಕ್ಕ ಮಗಳ ಹೆಸರು ಹೇಳಿ, ನಾನು ಹೋದ ಮೇಲೆ ಅವಳನ್ನೂ ಜಲ್ಲಿ ಒಡೆಯೋಕೆ ಹಾಕ್ತೀಯಾ ಎಂದು ಕೇಳಿದ. ಉತ್ತರ ಇಬ್ಬರಿಗೂ ಗೊತ್ತಿತ್ತು.

ಚಳಿಗಾಲ ಕಳೆದು ಮದುವೆಗಳ ಕಾಲ ಬಂತು. ಒಂದು ಬೆಳಿಗ್ಗೆ ಸಮಾನನ ತಮ್ಮ ನಮ್ಮ ಕೇರಿಗೆ ಇಳಿದು ಬಂದ. ಅಂಗಳದ ಆಚೆಯೇ ನಿಂತು ಕೂಗಿದ.

"ಅಣ್ಣನ ಮಗನ ಮದುವೆ ಕಣೋ ದಲಬೀರ! ಕರ್ನಲ್ ಸಾಹೇಬರ ಮನೆ ಹೆಣ್ಣು!"

ಕರ್ನಲ್ ತೀರ್ಥಮಾನ್ ಬಸ್ನೇತ್. ಸೇನೆಯಿಂದ ನಿವೃತ್ತನಾದವನು. ಬ್ಯಾರಕ್ಕಿನ ಒಳಗಿದ್ದು ಮೋರ್ಟರ್ ಹಾರಿಸಿದ ಸೇನೆಯ ಕರ್ನಲ್, ಹೊರಗಿದ್ದು ನಮ್ಮನ್ನು ನುಗ್ಗಿಸಿದ ಕಮಾಂಡರ್, ಇಬ್ಬರೂ ಈಗ ಬೀಗರು. ನಡುವೆ ಸತ್ತವರು ಮಾತ್ರ ಯಾರ ಬೀಗರೂ ಆಗಲಿಲ್ಲ.

"ಪೇಟೆಯಿಂದ ಬ್ಯಾಂಡು ಬರುತ್ತೆ. ಆದ್ರೆ ನಮ್ಮಮ್ಮ ಬಿಡ್ತಾ ಇಲ್ಲ. ನಿಮ್ಮನೆ ಕೊಂಬು ಊದದೆ ಮೊಮ್ಮಗ ಹೊಸ್ತಿಲು ದಾಟಬಾರದು ಅಂತ ಹಟ ಹಿಡಿದಿದಾಳೆ. ಯಾರನ್ನಾದರೂ ಕಳಿಸು."

ನಮ್ಮ ಕಡೆ ಇದು ಹಳೆಯ ಕಟ್ಟು, ಹಿರಿಯರ ಕಟ್ಟಳೆ. ಮೇಲಿನ ಕೇರಿಯ ಒಂದೊಂದು ಮನೆಗೂ ದಮಾಯಿ ಕೇರಿಯ ಒಂದೊಂದು ಮನೆ. ಬೊಹರಾ ಮನೆಯ ಗಂಡು ಮದುವೆಗೆ ಹೊರಡುವಾಗ ನಮ್ಮ ಮನೆಯ ಕೊಂಬು ಊದಬೇಕು. ದಿಬ್ಬಣ ಹೆಣ್ಣಿನ ಮನೆಯ ಅಂಗಳ ಹೊಗುವಾಗಲೂ ಅದೇ ಕೊಂಬು ಊದಬೇಕು. ಒಂದು ಮನೆಯ ಕೊಂಬನ್ನು ಇನ್ನೊಂದು ಮನೆಯ ದಮಾಯಿ ಮುಟ್ಟುವಂತಿಲ್ಲ. ಹೊರಟ ಕೊಂಬು ದಾರಿಯಲ್ಲಿ ಹಿಂದಿರುಗಿದರೆ ಮದುವೆ ಕೆಟ್ಟಿತು. ದಲಬೀರನ ದವಡೆ ಹೋದ ಮೇಲೆ ಅವನ ತಮ್ಮ ಊದುತ್ತಿದ್ದ. ಅವನು ಕತಾರಿಗೆ ಕೂಲಿಗೆ ಹೋಗಿದ್ದಾನೆ.

"ಊದೋರು ಮನೇಲಿ ಯಾರಿದಾರೆ?" ಎಂದು ನಾನು ಶುರು ಮಾಡಿದೆ.

ದಲಬೀರ ಎದ್ದು ನಿಂತ. ತನ್ನ ಎದೆಗೆ ಬೆರಳು ತೋರಿಸಿಕೊಂಡು ಏನೋ ಹೇಳಿದ.

"ಏನಂತಾನೆ?" ಸಮಾನನ ತಮ್ಮ ಕೇಳಿದ.

ನನಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ತಿಳಿಯಿತು. ಹೊಟ್ಟೆಯೊಳಗಿಂದ ನಗು ಕಿತ್ತುಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡೆ.

"ತಾನೇ ಬರ್ತಾನಂತೆ. ಊದೋಕೆ ಯೋಗ್ಯ ಅಂತ ನಿಮ್ಮಣ್ಣನೇ ಹೇಳಿದಾರಲ್ಲ. ಸರ್ಕಾರದ ಮಾತು ಸುಳ್ಳಾಗುತ್ತಾ?"

ಅವನಿಗೆ ಅವಸರ ಇತ್ತು. ಸರಿ ಸರಿ ಎಂದು ಹೋದ.

ಮದುವೆಯ ದಿನ ಕೊಂಬನ್ನು ಬೂದಿ, ನಿಂಬೆ ಹಾಕಿ ಉಜ್ಜಿದೆ. ಮೋರ್ಟರಿನ ಚೂರು ತಗುಲಿದ ತಗ್ಗು ಹಾಗೇ ಇತ್ತು. ನಗಾರಿಯವರು, ಶಹನಾಯಿಯ ಜೋಖೆ ಕಾಕಾ, ಎಲ್ಲರೂ ಮೇಲಿನ ಕೇರಿಗೆ ಹೋದೆವು. ಊರ ಬಾಗಿಲಲ್ಲಿ ಒಂದು ಬೋರ್ಡು: ಇದು ಅಸ್ಪೃಶ್ಯತೆ ಮುಕ್ತ ಗ್ರಾಮ. ಅದರ ಕೆಳಗೆ ಸಮಾನನ ಫೋಟೋ. ಅವನ ಮನೆಯ ಅಂಗಳದ ಅಂಚಿನಲ್ಲಿ, ಚರಂಡಿಯ ಪಕ್ಕ, ನಮ್ಮನ್ನು ಕೂರಿಸಿದರು. ಎಲೆಯನ್ನು ನೆಲದ ಮೇಲೆ ಎಸೆದು, ಎಣ್ಣೆಯಲ್ಲಿ ಕರಿದ ಸೇಲ್ ರೋಟಿಯನ್ನು ಎತ್ತರದಿಂದ ಬೀಳಿಸಿದರು. ನನ್ನ ಗಂಡನ ಎಲೆಗೂ ಬಿತ್ತು. ಜಗಿಯಲಾಗದ ಅವನು ಅದನ್ನು ತೆಗೆದು ಜೇಬಿಗೆ ಹಾಕಿದ, ಮಕ್ಕಳಿಗೆ.

ಸಮಾನ ಅಂಗಳದಲ್ಲಿ ಓಡಾಡುತ್ತಿದ್ದ. ಬಿಳಿ ಜೋಡುಡುಗೆ, ಸೊಂಟಕ್ಕೆ ಬಟ್ಟೆಯ ಪಟ್ಟಿ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮುಹೂರ್ತವಾಯಿತು. ಮದುಮಗ ಹೊಸ್ತಿಲ ಹತ್ತಿರ ಬಂದ. ಅಜ್ಜಿ ಅಕ್ಷತೆ ಹಿಡಿದು ನಿಂತಿದ್ದಳು.

"ಊದು!" ಎಂದಳು.

ದಲಬೀರ ಎದ್ದ. ಕಾಲು ಅಗಲಿಸಿದ. ಕೊಂಬನ್ನು ಆಕಾಶಕ್ಕೆ ಎತ್ತಿ, ಇದ್ದಷ್ಟು ತುಟಿಯನ್ನು ಅದರ ಬಾಯಿಗೆ ಒತ್ತಿ, ಎದೆಯ ಉಸಿರನ್ನೆಲ್ಲ ಬಿಟ್ಟ.

ನಾನು ಸುಳ್ಳು ಹೇಳುವುದಿಲ್ಲ. ಎಮ್ಮೆ ಹೂಸು ಬಿಟ್ಟಂತಾಯಿತು.

ಎಲ್ಲೋ ಒಂದು ಮಗು ಕಿಸಕ್ಕೆಂದಿತು. ಆಮೇಲೆ ಮಾಡಿನ ಮೇಲೆ ಕೂತ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ದಲಬೀರ ಇನ್ನೊಮ್ಮೆ ಊದಿದ. ಈ ಸಲ ಉದ್ದಕ್ಕೆ. ಕತ್ತೆಗೆ ಹೊಟ್ಟೆ ಕೆಟ್ಟ ಹಾಗೆ. ಕೊಂಬಿನ ತುದಿಯಿಂದ ಜೊಲ್ಲು ಎಳೆಯಾಗಿ ಇಳಿಯಿತು. ಅಜ್ಜಿಯ ಕೈಯಿಂದ ಅಕ್ಷತೆ ಚೆಲ್ಲಿತು. ಮದುಮಗ ಹೊಸ್ತಿಲ ಮೇಲೆಯೇ ನಿಂತ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಸಮಾನ ಓಡಿ ಬಂದ. "ನಿಲ್ಸೋ! ಯಾವ ಮುಂಡೇಮಗ ಇವನ ಕೈಗೆ ಕೊಂಬು ಕೊಟ್ಟೋನು?"

"ತಾವೇ ಕಾಮ್ರೇಡ್," ಎಂದೆ. "ಕುಲಕಸುಬಿಗೆ ಯೋಗ್ಯ ಅಂತ."

"ನಾಟಕ ಆಡ್ಬೇಡ ಸಿಡಿಲು. ಶುಭಕಾರ್ಯ ಇದು." ದನಿ ತಗ್ಗಿಸಿ ಜೇಬಿನಿಂದ ಒಂದು ಲಕೋಟೆ ತೆಗೆದ. "ತಗೋ, ಗಂಡನ್ನ ಕರ್ಕೊಂಡು ಮನೆಗೆ ಹೋಗು. ಬ್ಯಾಂಡಿನವರು ನೋಡ್ಕೋತಾರೆ."

ದಲಬೀರ ಲಕೋಟೆಯ ಕಡೆಗೆ ಕೊಂಬು ತಿರುಗಿಸಿ ಊದಿದ. ಬಿಳಿ ಉಡುಗೆಯ ಮೇಲೆಲ್ಲ ಹನಿ ಸಿಡಿಯಿತು.

"ಹೊರಟ ಕೊಂಬು ಹಿಂದಕ್ಕೆ ಹೋಗಬಾರದು ಚಕ್ರಜಂಗಾ!" ಎಂದು ಅಜ್ಜಿ ಒಳಗಿನಿಂದ ಕಿರುಚಿದಳು. "ಮೊಮ್ಮಗನ ಮನೆ ಹಾಳಾಗುತ್ತೆ!"

ಅಜ್ಜಿಯ ಮೇಲೆ ನನಗೆ ಅವತ್ತಿನಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಹೀಗೆ ದಿಬ್ಬಣ ಹೊರಟಿತು. ಕೊಂಬು ಎಲ್ಲರಿಗಿಂತ ಮುಂದೆ ನಡೆಯಬೇಕು, ಅದೂ ಕಟ್ಟು. ಹಿಂದೆ ನಗಾರಿ, ಶಹನಾಯಿ, ಅದರ ಹಿಂದೆ ಕೆಂಪು ಕೋಟಿನ ಪೇಟೆ ಬ್ಯಾಂಡು, ಹೂ ಹೊದ್ದ ಜೀಪು. ತೂಗುಸೇತುವೆ ಬಂದರೆ ಊದಬೇಕು. ಊರು ಬಂದರೆ ಊದಬೇಕು. ಅರಳಿಕಟ್ಟೆ ಬಂದರೆ ಊದಬೇಕು. ದಲಬೀರ ಒಂದನ್ನೂ ಬಿಡಲಿಲ್ಲ. ಊದಿ ಊದಿ ತುಟಿಯ ಹಳೆಯ ಹೊಲಿಗೆ ಬಿಚ್ಚಿ ರಕ್ತ ಬಂತು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ನನಗೆ ಹೆದರಿಕೆಯಾಯಿತು.

"ಸಾಕು ಕಣೋ. ಚೂರು ಜರುಗಿಬಿಟ್ಟರೆ?"

ಜರುಗಲಿ, ಇವನ ಮಗನ ಮದುವೆಯಲ್ಲೇ ಸಾಯ್ತೀನಿ, ಆಗ ಇನ್ನೂ ಮಜಾ, ಎಂದ. ಬೈದೆ. ಬೈಯುತ್ತ ಸೆರಗಿನಿಂದ ರಕ್ತ ಒರೆಸಿದೆ.

ಹೊಲದಲ್ಲಿದ್ದ ಜನ ಕುಡುಗೋಲು ಬಿಟ್ಟು ರಸ್ತೆಗೆ ಬಂದರು. ಮೊದಲು ನಕ್ಕರು. ಹತ್ತಿರ ಬಂದು ಅವನ ಮುಖ ನೋಡಿದವರು ನಗು ನಿಲ್ಲಿಸಿ, ಜೀಪಿನಲ್ಲಿ ಕೂತವನ ಕಡೆ ನೋಡಿದರು. ಸಮಾನ ಕಪ್ಪು ಕನ್ನಡಕ ಹಾಕಿಕೊಂಡ.

ಕರ್ನಲ್ಲನ ಮನೆಯ ಮುಂದೆ ಬಾಳೆಕಂಬದ ಚಪ್ಪರ. ಹೆಣ್ಣಿನ ಕಡೆಯವರು ಕಲಶ ಹಿಡಿದು ಸಾಲಾಗಿ ನಿಂತಿದ್ದರು. ಮಂತ್ರಿ ಒಬ್ಬರು ಬಂದಿದ್ದಾರೆಂದು ಸುದ್ದಿ. ಇನ್ನು ಕೊಂಬು ಊದಿದರೆ ದಿಬ್ಬಣ ಒಳಗೆ ಹೋಗಬಹುದು. ದಲಬೀರ ಊದಿದ.

ಕಲಶದ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು.

ಕರ್ನಲ್ ಮುಂದೆ ಬಂದ. ಗಟ್ಟಿಮುಟ್ಟಾದ ಮುದುಕ, ನೆಟ್ಟಗಿನ ಬೆನ್ನು. "ಏನು ಬೀಗರೇ, ನಮ್ಮನ್ನ ಅವಮಾನ ಮಾಡೋಕೆ ಕರ್ಕೊಂಡು ಬಂದಿದೀರಾ ಇವನನ್ನ?"

ಸಮಾನ ಜೀಪಿನಿಂದ ಇಳಿದ. ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿದ.

ನಾನು ಮುಂದೆ ಹೋದೆ. "ಅವಮಾನ ಅಲ್ಲ ಹಜೂರ್. ಈ ಬಾಯಿ ಒಡೆದಿದ್ದು ನಿಮ್ಮ ಮೋರ್ಟರು. ಕೊಂಬೂದೋಕೆ ಯೋಗ್ಯ ಅಂತ ಮೊಹರು ಹಾಕಿದ್ದು ನಿಮ್ಮ ಬೀಗರು. ಊದು ಅಂದ್ರು, ಊದ್ತಾ ಇದಾನೆ."

ಕರ್ನಲ್ ಹತ್ತಿರ ಬಂದು ದಲಬೀರನ ಗದ್ದ ಇಲ್ಲದ ಗದ್ದವನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನಿಗೆ ಆ ಗಾಯದ ಜಾತಿ ಗೊತ್ತಿರಬೇಕು.

"ಪಿಂಚಣಿ ಇಲ್ವಾ ಇವನಿಗೆ?"

"ಇಲ್ಲ ಹಜೂರ್. ಒಂದು ಕಡಿಮೆ ಬಿತ್ತು."

"ನಮ್ಮಲ್ಲಿ ಇಂಥವನನ್ನ ಮನೇಲಿ ಕೂರಿಸಿ ಪೂರ್ತಿ ಪಿಂಚಣಿ ಕೊಡ್ತಿದ್ವಿ," ಎಂದ ಕರ್ನಲ್. ಆಮೇಲೆ ಸಮಾನನ ಕಡೆ ತಿರುಗಿ, ಸಿಪಾಯಿಯನ್ನು ಕೇಳುವಂತೆ ಕೇಳಿದ. "ಹೇಳಿ. ಇವನು ಊದಬಲ್ಲನಾ, ಇಲ್ವಾ? ಬಲ್ಲ ಅಂದ್ರೆ ಇದು ಬೇಕಂತ ಮಾಡಿದ ಅವಮಾನ. ಹೆಣ್ಣು ಕೊಡೋದಿಲ್ಲ."

ಎರಡೂ ಕಡೆಯ ಜನ ನಿಂತಿದ್ದರು. ಜೀಪಿನ ಹಿಂದೆ ರಸ್ತೆಯುದ್ದಕ್ಕೂ ಹೊಲದ ಜನ.

"ಇಲ್ಲ," ಎಂದ ಸಮಾನ.

"ಕೇಳಿಸಲಿಲ್ಲ ಕಾಮ್ರೇಡ್," ಎಂದೆ.

"ಇಲ್ಲ! ಊದೋಕಾಗಲ್ಲ ಇವನಿಗೆ! ಯೋಗ್ಯ ಅಂದಿದ್ದು ತಪ್ಪು! ಮತ್ತೆ ತಪಾಸಣೆ ಮಾಡಿಸ್ತೀನಿ, ನಾನೇ ನಿಂತು ಪಿಂಚಣಿ ಮಾಡಿಸ್ತೀನಿ! ಸಾಕಾ?"

"ಸೋಮವಾರ ಬರ್ತೀವಿ. ಮರೆತೋಗಿದ್ರೆ ಅಂತ ಕೊಂಬು ತಗೊಂಡೇ ಬರ್ತೀವಿ."

ದಲಬೀರ ಕೊಂಬು ಇಳಿಸಿದ. ಪುರೋಹಿತ ಗಡಿಯಾರ ತೋರಿಸಿ ಕೂಗಿದ. ಮುಹೂರ್ತ ಮೀರುತ್ತಿತ್ತು. ಕೊಂಬು ಸರಿಯಾಗಿ ಊದದೆ ದಿಬ್ಬಣ ಅಂಗಳ ಹೊಗುವಂತಿಲ್ಲ.

"ಜೋಖೆ, ನೀನು ಊದು!" ಎಂದ ಸಮಾನ.

ಜೋಖೆ ಕಾಕಾ ಶಹನಾಯಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈಮುಗಿದ. "ಶಿವ ಶಿವ! ಇನ್ನೊಬ್ಬರ ಮನೆ ಕೊಂಬು ಮುಟ್ಟೋದಾ? ಕಟ್ಟು ಮುರಿದ ಪಾಪ ನಂಗ್ಯಾಕೆ ಧಣಿ." ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನಗಾರಿಯವರು ಕೋಲುಗಳನ್ನು ನೆಲಕ್ಕೆ ಹಾಕಿ ಕೂತರು.

ಆಗ ದಲಬೀರ ನಡೆದ. ನಾವು ದಾಟಬಾರದ ಅಂಗಳದ ಅಂಚನ್ನು ದಾಟಿ, ಹಾಸಿದ ಕೆಂಪು ರತ್ನಗಂಬಳಿಯ ಮೇಲೆ ಮಣ್ಣುಗಾಲಿನಲ್ಲೇ ನಡೆದು, ಸಮಾನನ ಎದುರಿಗೆ ನಿಂತ. ಎರಡೂ ಕೈಯಲ್ಲಿ ಕೊಂಬನ್ನು ಅವನ ಮುಂದೆ ಹಿಡಿದ. ಏನೋ ಹೇಳಿದ.

"ಏನಂತೆ?" ಕರ್ನಲ್ ಕೇಳಿದ.

"ಕಾಮ್ರೇಡ್ ಸಮಾನರೇ, ನನ್ನ ಬಾಯಿ ನಿಮ್ಮ ಬಾಯಿ ಅಂದಿದ್ರಿ. ಈಗ ನಿಮ್ಮ ಬಾಯಲ್ಲಿ ನೀವು ಊದಿ ಅಂತಿದಾನೆ. ಒಂದೇ ತಟ್ಟೇಲಿ ಗಂಜಿ ಕುಡಿದವರು, ಇದೇನು ದೊಡ್ಡದು ಅಂತಿದಾನೆ."

ಇದೊಂದನ್ನು ಮಾತ್ರ ನಾನು ಒಂದಕ್ಷರ ಬದಲಿಸದೆ ಹೇಳಿದೆ.

"ಮುಟ್ಟಬೇಡ್ರಣ್ಣ!" ಸಮಾನನ ತಮ್ಮ ಕೂಗಿದ. ಪುರೋಹಿತ ಇನ್ನೊಮ್ಮೆ ಗಡಿಯಾರ ತೋರಿಸಿದ. ಕರ್ನಲ್ ಕೈಕಟ್ಟಿ ನಿಂತು ನೋಡುತ್ತಿದ್ದ. ಊರ ಬಾಗಿಲ ಬೋರ್ಡಿಗೆ ಫೋಟೋ ಹಾಕಿಸಿಕೊಂಡವನನ್ನು ಇಡೀ ರಸ್ತೆ ನೋಡುತ್ತಿತ್ತು.

ಸಮಾನ ಕೊಂಬು ತೆಗೆದುಕೊಂಡ. ಅದರ ಬಾಯಿಗೆ ರಕ್ತ, ಜೊಲ್ಲು ಮೆತ್ತಿತ್ತು. ಸೊಂಟದ ಪಟ್ಟಿಯಿಂದ ಒರೆಸಿದ. ಮತ್ತೆ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಕೊನೆಗೆ ಕಣ್ಣು ಮುಚ್ಚಿ ತುಟಿಗೆ ಇಟ್ಟು ಊದಿದ.

ಅದೇ ಎಮ್ಮೆ. ಅದೇ ಹೂಸು. ಎರಡೂ ದವಡೆ ಇದ್ದವನ ಹೂಸು.

ದಲಬೀರ ನಕ್ಕ. ಅರ್ಧ ಬಾಯಲ್ಲಿ, ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವಂತೆ. ಬ್ಯಾರಕ್ಕಿನ ದಾಳಿಯಿಂದೀಚೆಗೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತಲೇ ಏನೋ ಒದರಿದ.

"ಈಗೇನಂತೆ?" ಕರ್ನಲ್ ಕೇಳಿದ.

"ಕಾಮ್ರೇಡಿಗೂ ನಲವತ್ತೊಂಬತ್ತೇ ಕೊಡಿ ಅಂತಿದಾನೆ ಹಜೂರ್," ಎಂದೆ.